ಸುಮನ ತಂದ ಬೇಳೆ

“ನೀ ಏನೂ ಮಾಡಾಕ ಹೋಗಬ್ಯಾಡವಾ ಸುಮನಾ, ಬಾಳೆಹಣ್ಣ ತಂದ್ರ ಸಾಕು,” ಎಂದು ಪಾಸ್ಟರ್ ಹೆಂಡತಿ ನಂದಿನಿ ಹೇಳಿದ್ದು ಹೋದ ಭಾನುವಾರ, ಪ್ರಾರ್ಥನೆ ಮುಗಿದು ಹೆಂಗಸರೆಲ್ಲ ಚಪ್ಪಲಿ ಹುಡುಕಿಕೊಳ್ಳುತ್ತಿದ್ದಾಗ. ಹೇಳುವಾಗ ಅವಳು ಸುಮನಳ ಮೊಳಕೈ ಹಿಡಿದುಕೊಂಡಿದ್ದಳು. ಕರುಣೆ ತೋರಿಸುವವರೆಲ್ಲ ಯಾಕೆ ಮೊಳಕೈಯನ್ನೇ ಹಿಡಿಯುತ್ತಾರೆ ಎಂದು ಸುಮನ ಆಗಲೇ ಯೋಚಿಸಿದ್ದಳು. ಅಂಗೈ ಹಿಡಿದರೆ ಏನಾದರೂ ಅಂಟಿಕೊಳ್ಳಬಹುದು, ಭುಜ ಮುಟ್ಟಿದರೆ ಎದುರಿನವರು ಅತ್ತುಬಿಡಬಹುದು. ಮೊಳಕೈಯಾದರೆ ಬರೀ ಎಲುಬು. ಈಗ ಶನಿವಾರ ಮಧ್ಯಾಹ್ನ ಮೂಡಲಗಿಯಿಂದ ಗೋಕಾಕಕ್ಕೆ ಮರಳುವ ಬಸ್ಸಿನಲ್ಲಿ, ಬಿಸಿಯಾದ ಕಿಟಕಿಯ ಕಂಬಿಗೆ ಅದೇ ಮೊಳಕೈ ಊರಿ ಕೂತು, ಅವಳು ಬಾಳೆಹಣ್ಣಿನ ಬಗ್ಗೆ ಯೋಚಿಸುತ್ತಿದ್ದಳು. ನಾಳೆ ಸುಗ್ಗಿಯ ಆರಾಧನೆ. ಅದು ಮುಗಿದ ಮೇಲೆ ಪ್ರೀತಿ ಭೋಜನ. ಮನೆಗೊಂದು ಪಾತ್ರೆಯಂತೆ ಎಲ್ಲರೂ ಅಡುಗೆ ತಂದು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಡಬೇಕು, ಎಲ್ಲರದನ್ನೂ ಎಲ್ಲರೂ ತಿನ್ನಬೇಕು. ಬಾಳೆಹಣ್ಣು ಒಳ್ಳೆಯದೇ. ದೇವರೇ ಸಿಪ್ಪೆ ಸುತ್ತಿ ಕಳಿಸಿದ್ದಾನೆ; ಯಾರು ತಂದರು, ಯಾರ ಕೈ ತಾಗಿತು ಎಂಬುದೆಲ್ಲ ಸಿಪ್ಪೆಯ ಜೊತೆಗೇ ಸುಲಿದುಹೋಗುತ್ತದೆ. ಗಂಡ ಸತ್ತವಳು ತಂದರೂ ಗುಳುಂ ಮಾಡಬಹುದು. ಈ ಬೆಳಿಗ್ಗೆಯಷ್ಟೇ ಬಿ.ಎ. ತರಗತಿಯಲ್ಲಿ, ಯಾರ ಕೈಯ ಅಡುಗೆಯನ್ನು ಯಾರು ತಿನ್ನುತ್ತಾರೆ, ಯಾರು ತಿನ್ನುವುದಿಲ್ಲ ಎಂಬುದರ ಮೇಲೆ ಅವಳು ನೋಟ್ಸ್ ಬರೆಸಿದ್ದಳು. ಮಕ್ಕಳು ತಲೆ ಎತ್ತದೆ ಬರೆದುಕೊಂಡಿದ್ದರು. ಧಾರವಾಡದಲ್ಲಿ ಅವಳೂ ಹಾಗೇ ತಲೆ ಎತ್ತದೆ ಬರೆದುಕೊಂಡು ಎಂ.ಎ. ಪಾಸಾಗಿದ್ದಳು. ನೋಟ್ಸಿನಲ್ಲಿ ಬಾಳೆಹಣ್ಣು ಬಂದಿರಲಿಲ್ಲ.

ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗರು ನುಗ್ಗಿ ಹತ್ತಿದರು. ಗಂಡ ಸೂರಜ ಇಲ್ಲಿಯ ಸಸಿಮಡಿಯಲ್ಲಿ ಕೆಲಸ ಮಾಡುತ್ತಿದ್ದ, ಇದೇ ಸ್ಟಾಪಿನಲ್ಲಿ ನಿಲ್ಲುತ್ತಿದ್ದ, ಎಂದು ಪ್ರತಿ ಸಲ ನೆನಪಾಗಬೇಕು ಎಂದು ಅವಳು ಅಂದುಕೊಳ್ಳುತ್ತಾಳೆ. ನೆನಪಾಗುತ್ತದೆ ಕೂಡ, ಆದರೆ ಬಸ್ಸಿನ ಬೋರ್ಡು ಓದಿದ ಹಾಗೆ. ಓದಿ ಮುಗಿಯುತ್ತದೆ. ಅದಕ್ಕಿಂತ ನಂದಿನಿಯ ಗೋಬಿ ಮಂಚೂರಿಯ ಮೇಲಿನ ಅಸಹ್ಯದಲ್ಲಿ ಹೆಚ್ಚು ಜೀವವಿದೆ. ಹೌದು, ನಂದಿನಿ ಗೋಬಿ ಮಂಚೂರಿ ತರುತ್ತಾಳೆ. ಕರಿದಿಟ್ಟು, ಕೆಂಪು ನೀರಿನಲ್ಲಿ ಅದ್ದಿ, ಮೇಲೆ ಉಳ್ಳಾಗಡ್ಡಿ ತಪ್ಪಲು ಉದುರಿಸಿ, ತಾನೇ ಮೊದಲು ಚಪ್ಪಾಳೆ ತಟ್ಟುತ್ತಾಳೆ. ಸಭೆಯ ಇನ್ನೊಬ್ಬಳು, ಕಸ್ತೂರಿ, ಪಲಾವ್ ತರುತ್ತಾಳೆ, ಅದರಲ್ಲಿ ಅರಿಶಿನದ ಬದಲು ಬಣ್ಣ. ಗೌರವ್ವ ಶೇಂಗಾ ಹೋಳಿಗೆ ತಂದು, “ಹಲ್ಲಿಲ್ಲದಾಕಿ ಮಾಡೀನಿ, ಹಲ್ಲಿದ್ದವರು ತಿನ್ರಿ” ಎಂಬ ತನ್ನ ಹಳೆಯ ಜೋಕನ್ನೂ ತರುತ್ತಾಳೆ. ಇವರೆಲ್ಲರ ಅಜ್ಜಂದಿರು ಊರ ಹೊರಗೆ ಕೂತು ಉಂಡವರು. ಅವರ ಮನೆಗಳಲ್ಲಿ ಬೋಟಿ ಬೇಯುತ್ತಿತ್ತು, ರಕ್ತ ಹುರಿಯುತ್ತಿತ್ತು. ಈಗಲೂ ಬಾಗಿಲು ಹಾಕಿಕೊಂಡು ಬೇಯುತ್ತದೆ. ಆದರೆ ಪ್ರೀತಿ ಭೋಜನದ ಮೇಜಿನ ಮೇಲೆ ಮಾತ್ರ ಎಲ್ಲವೂ ಹಸಿರು, ಹಳದಿ, ಕೆಂಪು ಬಣ್ಣದ ಕಾಯಿಪಲ್ಯ, ಯಾಕೆಂದರೆ ಪಂಚಾಯತಿಯ ಬೀರಸಿದ್ದಪ್ಪ ಬರುತ್ತಾರೆ, ಅವರ ಸಂಗಡಿಗರು ಬರುತ್ತಾರೆ, ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತುಕೊಳ್ಳುತ್ತಾರೆ, ಮತ್ತು ಯಾವುದನ್ನೂ ಮುಟ್ಟುವುದಿಲ್ಲ. “ಈಗ ಉಂಡ ಬಂದೇವ್ರಿ” ಎನ್ನುತ್ತಾರೆ. ಆಮೇಲೆ ಬಲವಂತಕ್ಕೆ ಒಂದು ಬಾಳೆಹಣ್ಣು ಸುಲಿಯುತ್ತಾರೆ. ಇದು ಹೊಳೆದಾಗ ಅವಳಿಗೆ ನಗು ಬಂತು. ಪಕ್ಕದಲ್ಲಿ ಕೂತ ಹುಡುಗ ತಿರುಗಿ ನೋಡಿದ. ನಂದಿನಿ ಅವಳನ್ನೂ ಬೀರಸಿದ್ದಪ್ಪರನ್ನೂ ಒಂದೇ ಗೊನೆಯಲ್ಲಿ ಕಟ್ಟಿದ್ದಳು. ಸುಮನಳ ಕೈಯದು ಯಾರೂ ತಿನ್ನುವುದಿಲ್ಲ, ಅವರು ಯಾರ ಕೈಯದೂ ತಿನ್ನುವುದಿಲ್ಲ. ಎಷ್ಟು ಹೊಂದುವ ಜೋಡಿ.

ಗೋಕಾಕದ ಪೇಟೆಯಲ್ಲಿ ಇಳಿದು ಬಾಳೆಹಣ್ಣಿನ ಗಾಡಿಯ ಮುಂದೆ ನಿಂತಳು. ಕೊಳ್ಳಲಿಲ್ಲ. ಬದನೆಕಾಯಿ ನೋಡಿದಳು, ಎಣ್ಣೆಗಾಯಿಗೆ ಬೇಕಾಗುವಂಥ ಸಣ್ಣವು, ಮುಳ್ಳಿರುವವು. ಕೊಳ್ಳಲಿಲ್ಲ. ಪುಂಡಿಪಲ್ಯದ ಕಟ್ಟು ಎತ್ತಿ ಮೂಸಿ ಇಟ್ಟಳು. “ತಗೋರಿ ಬಾಯಾರ, ಮೂಸಿದ್ರ ಹೊಟ್ಟಿ ತುಂಬತೈತೇನು?” ಎಂದಳು ಮಾರುವವಳು. ಸುಮನ ಮುಂದೆ ನಡೆದಳು. ಹೊಟ್ಟೆಯ ಮಾತು ಅವಳಿಗೆ ಆಗುವುದಿಲ್ಲ. ಸೂರಜನನ್ನು ಹತ್ತರಗಿಯ ಹತ್ತಿರ ಹೆದ್ದಾರಿಯಿಂದ ಎತ್ತಿ ತಂದು ಮಣ್ಣು ಮಾಡಿ ಬಂದ ಸಂಜೆ, ಅಂಗಳದಲ್ಲಿ ಯಾರೋ ಅವಳ ಮುಂದೆ ತಾಟು ಇಟ್ಟಿದ್ದರು. ಜೋಳದ ರೊಟ್ಟಿ, ಬೇಳೆ. ಅವಳು ತಿಂದಳು. ಇನ್ನೊಂದು ರೊಟ್ಟಿ ಹಾಕಿದರು, ಅದನ್ನೂ ತಿಂದಳು. ತಿನ್ನುತ್ತಿರುವುದು ತನಗೆ ತಿಳಿದಿರಲಿಲ್ಲ, ಗೌರವ್ವನ ದನಿ ಕೇಳುವವರೆಗೆ: “ಉಣ್ಣಲಿ ಬಿಡ್ರಿ. ಹೊಟ್ಟಿ ಯಾರ ಸತ್ರೂ ಕೇಳಂಗಿಲ್ಲ ಪಾಪ.” ಯಾರೂ ನಗಲಿಲ್ಲ. ಎಲ್ಲರೂ ಅವಳ ಬಾಯಿಯನ್ನು ನೋಡಿದರು. ಅಂದಿನಿಂದ ಅವಳ ನಾಲಿಗೆ ಏನನ್ನೂ ಕೇಳಿಲ್ಲ. ಹಾಕಿದ್ದನ್ನು ನುಂಗುತ್ತದೆ. ಅಂಗಡಿಯಲ್ಲಿ ಅವಳು ಕೊನೆಗೆ ತೊಗರಿಬೇಳೆ ಕೊಂಡಳು, ಯಾಕೆಂದರೆ ಮನೆಯಲ್ಲಿ ದಿನವೂ ಆಗುವುದು ಅದೇ.

ಆ ಬೇಳೆಯ ಸಂಗತಿ ಅವಳು ಯಾರಿಗೂ ಹೇಳಿಲ್ಲ, ಹೇಳಿದರೆ ಎಂ.ಎ. ಮಾಡಿದ್ದಕ್ಕೆ ನಾಚಿಕೆಯಾಗುವಂಥದ್ದು. ಅತ್ತೆ ಕೆಂಪವ್ವನ ಕಡೆಯವರಲ್ಲಿ ಸಾವಾದ ಮನೆಯ ಒಲೆಯ ಮೇಲೆ ಎಣ್ಣೆ ಕಾಯಿಸುವುದಿಲ್ಲ. ಬೇಳೆ ಬೇಯಿಸುತ್ತಾರೆ, ಉಪ್ಪು ಖಾರ ಹಾಕುತ್ತಾರೆ, ಒಗ್ಗರಣೆ ಹಾಕುವುದಿಲ್ಲ. ಸಾಸಿವೆ ಸಿಡಿದ ಸದ್ದು ಸತ್ತವರಿಗೆ ಕೇಳಬಾರದು ಎನ್ನುತ್ತಾರೆ. ನೇಮದ ದಿನ ಮುಗಿದ ಮೇಲೆ ಹೊರಗಿನವರೊಬ್ಬರು ಬಂದು ಆ ಮನೆಯ ಬೇಳೆಗೆ ತಮ್ಮ ಕೈಯಾರೆ ಒಗ್ಗರಣೆ ಕೊಟ್ಟು, ಮನೆಯವರಿಗೆ ಉಣಿಸಬೇಕು. ಅಲ್ಲಿಗೆ ಸೂತಕ ಮುಗಿಯಿತು. ಮನೆಯವರು ತಾವಾಗಿ ಎಣ್ಣೆ ಇಟ್ಟುಕೊಳ್ಳುವಂತಿಲ್ಲ. ಆದರೆ ಸೂರಜ ಸತ್ತಾಗ ಪಾಸ್ಟರ್ ಭೀಮೇಶ, ಸೂರಜ ಕರ್ತನಲ್ಲಿ ನಿದ್ದೆ ಹೋಗಿದ್ದಾನೆ, ದಿನ ಗಿನ ಏನೂ ಬೇಡ ಎಂದರು. ಹುಕ್ಕೇರಿಯಿಂದ ಬಂದ ಸುಮನಳ ಅಪ್ಪ, ಮನೆಯಲ್ಲಿ ಬುದ್ಧನ ಫೋಟೋ ಇಟ್ಟು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು, ಬೀಗರ ಮನೆಯಲ್ಲಿ ಇಂಥ ಮೂಢನಂಬಿಕೆ ನಡೆಯದ್ದಕ್ಕೆ ಪಾಸ್ಟರ್ ಕೈ ಕುಲುಕಿದ. ಎರಡೂ ಕಡೆಯ ಬೆಳಕು ಸೇರಿ ಮನೆ ಬೆಳಗಿತು. ಒಗ್ಗರಣೆ ಕೊಡಲು ಮಾತ್ರ ಯಾರೂ ಬರಲಿಲ್ಲ. ಕೆಂಪವ್ವ ಯಾರನ್ನೂ ಕೇಳಲಿಲ್ಲ, ಯಾರನ್ನೂ ದೂರಲಿಲ್ಲ. ದಿನಾ ಬೇಳೆ ಬೇಯಿಸಿದಳು, ಉಪ್ಪು ಖಾರ ಹಾಕಿ ಇಳಿಸಿದಳು. ಮೊದಲು ಸುಮನಳಿಗೆ ಗೊತ್ತೇ ಆಗಲಿಲ್ಲ. ಗೊತ್ತಾದಾಗ, ಧುಪದಾಳದ ಕಬ್ಬಿನ ಗದ್ದೆಗಳಲ್ಲಿ ಕಳೆ ಕಿತ್ತು ಮುದುಕಿಯಾದ ಈ ಹೆಂಗಸಿನ ಮೌಢ್ಯದ ಬಗ್ಗೆ ತಣ್ಣನೆಯ ತಿರಸ್ಕಾರ ಹುಟ್ಟಿತು. ಆದರೆ ಎಣ್ಣೆಯ ಡಬ್ಬಿ ಅವಳ ಕೈಗೂ ಎಟುಕುವ ಕಡೆಯೇ ಇತ್ತು. ಸುಗ್ಗಿ ಬಂದರೂ ಅವಳೂ ಅದನ್ನು ಮುಟ್ಟಿರಲಿಲ್ಲ.

ಮನೆಗೆ ಬಂದಾಗ ಕೆಂಪವ್ವ ಹೊಸ್ತಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಸೊಸೆಯ ಚೀಲದ ಕಡೆಗೆ ಕತ್ತು ಚಾಚಿದಳು.

“ಬಾಳೆಹಣ್ಣ ತಂದಿ?”

“ಇಲ್ಲ.”

“ಛಲೋ ಆತು.” ಮುದುಕಿಯ ದನಿ ಗಟ್ಟಿಯಾಯಿತು. “ನಮ್ಮ ಮನ್ಯಾಗ ಒಲಿ ಇಲ್ಲೇನು? ಆ ನಂದಿನಿ ನಿನ್ನೆ ರಸ್ತಾದಾಗ ಸಿಕ್ಕು ನನಗೂ ಅದ ಹೇಳಿದ್ಲು, ಸುಮನಗ ತ್ರಾಸ ಆಗಬಾರದು ಅಂತ. ತ್ರಾಸಂತ ತ್ರಾಸ! ಸೂರಜ ಇದ್ದಾಗ ಹಿಂದಿನ ಸುಗ್ಗಿಗಿ ಯಾರ ಪಾತೇಲಿ ಮದಲ ಖಾಲಿ ಆಗಿತ್ತ ಹೇಳು? ನಮ್ಮದ. ಬಳದ ತಿಂದ್ರು ಭಾಡ್ಯಾಗೋಳು.”

“ಏನು ಮಾಡೋಣ ಹಾಗಾದರೆ?”

“ನೀ ಹೇಳಿದ್ದ ಮಾಡೂಣು.”

“ಎಣ್ಣೆಗಾಯಿ?”

ಕೆಂಪವ್ವನ ಬೆರಳು ಅಕ್ಕಿಯಲ್ಲಿ ನಿಂತಿತು. “ಅದಕ ಎಣ್ಣಿ ಭಾಳ ಬೇಕು.”

“ಚಿತ್ರಾನ್ನ? ಕಾಳಿನ ಪಲ್ಯ? ಬರೀ ಒಂದು ಚಮಚದಲ್ಲಿ ಆಗುತ್ತದೆ.”

“ಒಂದ ಚಮಚಾ ಆದ್ರೂ ಎಣ್ಣಿ ಎಣ್ಣೀನ ಅಲ್ಲೇನು,” ಎಂದು ಕೆಂಪವ್ವ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ, ಅಕ್ಕಿಗೇ ಹೇಳುವಂತೆ, “ನೀ ಇಡತೀನಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ನೀ ಕಲತಾಕಿ.”

ಸುಮನಳಿಗೆ ಆಗ ಅರ್ಥವಾಯಿತು. ಮುದುಕಿಗೆ ಸಾಕಾಗಿದೆ. ಮೇಜಿನ ಮೇಲೆ ತನ್ನ ಮನೆಯ ಪಾತ್ರೆ ಇರಬೇಕು, ಜನ ಮತ್ತೆ ಈ ಮನೆಯ ಕೈಯದನ್ನು ತಿನ್ನಬೇಕು, ಈ ಬಿಳುಚಿದ ಬೇಳೆ ಮುಗಿಯಬೇಕು. ಆದರೆ ಮುಗಿಸುವ ಪಾಪ ಮಾತ್ರ ಕಲಿತವಳ ಕೈಗೆ ಬರಬೇಕು. ಎಷ್ಟು ಜಾಣತನ. ತನ್ನ ಮಗನನ್ನು ತಾನು ಬಿಡಲಾರಳು, ಸೊಸೆ ಬಿಟ್ಟರೆ ಬೇಡ ಅನ್ನುವುದಿಲ್ಲ. ನಾಳೆ ಬೆಳಿಗ್ಗೆ ಎದ್ದು ಬಾಣಲೆ ಇಟ್ಟರೆ ಆಯಿತು, ಅರೆ ನಿಮಿಷದ ಕೆಲಸ, ಎಂದು ಅವಳು ಬಚ್ಚಲಿನಲ್ಲಿ ಕಾಲು ತೊಳೆಯುತ್ತ ಅಂದುಕೊಂಡಳು. ಅಂದುಕೊಂಡವಳು ತೊಳೆದ ಕಾಲನ್ನೇ ಮತ್ತೆ ತೊಳೆದಳು. ಅದಕ್ಕೆ ದುಃಖವೆಂದು ಹೆಸರಿಡಲು ಮನಸ್ಸಾಗಲಿಲ್ಲ. ಅದಕ್ಕಿಂತ ಬಾಳೆಹಣ್ಣು ಸುಲಭ, ನಂದಿನಿ ಹಿಡಿದ ಮೊಳಕೈ ಸುಲಭ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೋಡಿದಳು: ಪಾಸ್ಟರ್, ಅಪ್ಪ, ಗೌರವ್ವ, ಬಣ್ಣದ ಪಲಾವಿನ ಕಸ್ತೂರಿ. ಅವನು ನಿದ್ದೆ ಹೋಗಿದ್ದಾನೆ ಎಂದು ಹೇಳಿ ಮನೆಗೆ ಹೋಗಿ ಮಂಚೂರಿ ಕರಿದವರು. ಒಬ್ಬರಾದರೂ ಬಂದು ಒಲೆಯ ಕಡೆ ನೋಡಲಿಲ್ಲ. ಆಗ ಅವಳಿಗೆ ಏನು ಒಯ್ಯಬೇಕೆಂದು ಹೊಳೆಯಿತು. ಅವರ ಮೇಜಿನ ಮೇಲೆ, ಅವರ ಬಣ್ಣಗಳ ನಡುವೆ, ಸಾವಿನ ಮನೆಯ ಬೇಳೆಯನ್ನೇ ಇಡಬೇಕು. ಮುಚ್ಚಳ ತೆಗೆದವರ ಕೈ ಅಲ್ಲೇ ನಿಲ್ಲಬೇಕು. ಯಾರೂ ಮುಟ್ಟಬಾರದು. ಮುಟ್ಟದೆ, ಯಾಕೆ ಮುಟ್ಟಲಿಲ್ಲ ಎಂದು ತಮಗೆ ತಾವೇ ಹೇಳಿಕೊಳ್ಳಬೇಕು. ಎಷ್ಟೋ ತಿಂಗಳ ಮೇಲೆ ಅವಳಿಗೆ ಏನೋ ಬೇಕು ಅನ್ನಿಸಿದ್ದು ಇದೊಂದೇ.

ಬೆಳಿಗ್ಗೆ ದೊಡ್ಡ ಪಾತೇಲಿಯಲ್ಲಿ ಬೇಳೆ ಇಟ್ಟಳು. ಬೆಂದಿತು, ಉಪ್ಪು ಹಾಕಿದಳು, ಖಾರ ಹಾಕಿದಳು, ಮುಚ್ಚಳ ಮುಚ್ಚಿದಳು. ಕೆಂಪವ್ವ ಮಿಂದು ಬಿಳಿ ಕುಪ್ಪಸ ತೊಟ್ಟು ಬಂದು ಒಲೆಯ ಬದಿಗೆ ನಿಂತು, ಇನ್ನೇನೋ ಆಗಬೇಕಾಗಿದೆ ಎಂಬಂತೆ ಕಾದಳು.

“ಆತು,” ಎಂದಳು ಸುಮನ.

“ಇದನ್ನ ಒಯ್ತಿ?”

“ಹೌದು.”

ಕೆಂಪವ್ವ ಸೊಸೆಯ ಮುಖ ನೋಡಿದಳು. ಮುದುಕಿಗೆ ಓದಲು ಬರುವುದಿಲ್ಲ, ಆದರೆ ಅಷ್ಟನ್ನು ಓದಿಕೊಂಡಳು ಎಂದು ಸುಮನಳಿಗೆ ಗೊತ್ತಾಯಿತು. ಗೊತ್ತಾದರೂ ಮುಖ ತಿರುಗಿಸಲಿಲ್ಲ. ಮುದುಕಿ ಬೈಯಬಹುದಿತ್ತು, ಅಳಬಹುದಿತ್ತು. ಕೆಂಪವ್ವ ಅರಿವೆ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು, “ಎತ್ತು,” ಎಂದಳು. ಪಾತೇಲಿ ಅವಳ ತಲೆ ಏರಿತು. ರಸ್ತೆಯವರೆಗೆ, ಟಂಟಂ ರಿಕ್ಷಾ ಸಿಗುವವರೆಗೆ, ಮುದುಕಿ ಮುಂದೆ, ಸುಮನ ಹಿಂದೆ. ಮುದುಕಿಯ ಕುತ್ತಿಗೆಯ ನರಗಳು ಬಿಗಿದದ್ದು ಕಾಣುತ್ತಿತ್ತು. ಅವಳಿಗಾಗಿ ಮರುಗಬೇಕಾದ ಜಾಗದಲ್ಲಿ ಸುಮನಳಿಗೆ ಸಿಟ್ಟು ಮಾತ್ರ ಸಿಕ್ಕಿತು: ಬೇಡ ಎಂದು ಹೇಳಬಾರದೇ ಇವಳು? ಹೇಳಿದ್ದರೆ ನಾನು ಇಳಿಸಿಬಿಡುತ್ತಿದ್ದೆ.

ತಗಡಿನ ಸಭಾಂಗಣದ ಹೊರಗೆ ಶಾಮಿಯಾನ. ಒಳಗೆ ಕಬ್ಬು, ಗೋವಿನಜೋಳ, ಅರಿಶಿನದ ಗಡ್ಡೆ ಎಲ್ಲ ವೇದಿಕೆಗೆ ಒರಗಿಸಿ, ಭೀಮೇಶ ಪಾಸ್ಟರ್ ಕಣ್ಣೀರಿನಲ್ಲಿ ಬಿತ್ತಿದವರು ಹಾಡಿನಲ್ಲಿ ಕೊಯ್ಯುವ ಬಗ್ಗೆ ಗಂಟಲು ಹರಿದುಕೊಂಡರು. ಸುಮನ ಕೇಳಲಿಲ್ಲ. ಬಾಗಿಲಿನಾಚೆ ಮೇಜು ಕಾಣುತ್ತಿತ್ತು, ಸಾಲಾಗಿ ಪಾತ್ರೆಗಳು, ನಡುವೆ ಅವಳದು. ಹತ್ತಿರದಲ್ಲಿ ಗ್ಯಾಸ್ ಒಲೆಯ ಮೇಲೆ ನಂದಿನಿ ಮಂಚೂರಿಯನ್ನು ಕೊನೆಯ ಸಲ ಬಿಸಿಮಾಡಲು ಮಧ್ಯೆ ಎದ್ದು ಹೋದದ್ದನ್ನೂ ನೋಡಿದಳು. ಆಮೇನ್ ಆದ ಕೂಡಲೇ ಜನ ಎದ್ದರು. ಹಸಿದ ಮಂದಿಯ ಆಮೇನ್ ಜೋರಾಗಿರುತ್ತದೆ. ಬೀರಸಿದ್ದಪ್ಪ ಮತ್ತು ಅವರ ಇಬ್ಬರು ಸಂಗಡಿಗರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಏ, ಬ್ಯಾಡ್ರಿ, ಈಗರ ಉಂಡೇವ್ರಿ.” ನಂದಿನಿ ಎಲ್ಲಿಂದಲೋ ಬಾಳೆಹಣ್ಣು ತರಿಸಿಕೊಂಡಿದ್ದಳು. ಸುಮನ ತರುವುದಿಲ್ಲವೆಂದು ಮೊದಲೇ ಗೊತ್ತಿತ್ತೋ, ಅಥವಾ ಅವಳ ಬಾಳೆಹಣ್ಣೂ ಆ ಕುರ್ಚಿಗಳವರೆಗೆ ಹೋಗಬಾರದೆಂದಿತ್ತೋ.

ಅವಳು ಮೇಜಿನ ಕೊನೆಯಲ್ಲಿ ನಿಂತಳು, ಎಲ್ಲ ಕಾಣುವ ಹಾಗೆ. ಕಸ್ತೂರಿ ಮುಚ್ಚಳ ತೆಗೆದಳು. ಸೌಟು ಅದ್ದಿದಳು. ಕೈ ನಿಲ್ಲಲಿಲ್ಲ. ತನ್ನ ತಾಟಿಗೆ ಹಾಕಿಕೊಂಡಳು, ಹಿಂದಿನವರಿಗೂ ಹಾಕಿದಳು, ರೊಟ್ಟಿ ಮುರಿದು ಅದ್ದಿ ಬಾಯಿಗಿಟ್ಟಳು. ಮುಖ ಕಿವುಚಿದಳು.

“ಅಯ್ಯ ನಮ್ಮವ್ವ! ಇದಕ ಒಗ್ಗರಣೀನ ಹಾಕಿಲ್ಲಲ್ಲ!”

“ಏನ?” ಎಂದಳು ಗೌರವ್ವ, ತುದಿನಾಲಿಗೆಗೆ ತಾಗಿಸಿ. “ಖರೇನ. ಬರೇ ಕುದಸ್ಯಾಳ. ದನಕ್ಕ ಇಟ್ಟಂಗ ಆಗೇತಿ.”

ನಗು ಸಾಲಿನ ಉದ್ದಕ್ಕೂ ಹರಿಯಿತು. “ಕಾಲೇಜಿನ್ಯಾಗ ಒಗ್ಗರಣಿ ಪಾಠ ಇರಂಗಿಲ್ಲೇಳ್ರಿ.” “ಎಂ.ಎ. ಬ್ಯಾರೆ, ಅಡಗಿ ಬ್ಯಾರೆ ಬೇ.” “ಪಾಪ ಬಿಡ್ರಿ, ಅಕೀಗಿ ಯಾರ ಕಲಸ್ಯಾರ.” ಯಾರ ಮುಖದಲ್ಲೂ ಏನೂ ಇರಲಿಲ್ಲ. ಹೆದರಿಕೆ ಇಲ್ಲ, ನಾಚಿಕೆ ಇಲ್ಲ. ಅವಳು ಅವರ ಮುಂದೆ ಸಾವನ್ನು ತಂದಿಟ್ಟಿದ್ದಳು, ಅವರು ಅದನ್ನು ಅಡುಗೆ ಬಾರದ ಹುಡುಗಿಯ ಸಪ್ಪೆ ಬೇಳೆ ಎಂದು ತಿಂದಿದ್ದರು. ಒಗ್ಗರಣೆಯಿಲ್ಲದ ಬೇಳೆಯ ಅರ್ಥ ಕೆಂಪವ್ವನ ಕಡೆಯ ನಾಲ್ಕು ಮನೆಗಳಿಗೆ ಮಾತ್ರ ತಿಳಿದದ್ದು; ಅದು ಇಡೀ ಲೋಕಕ್ಕೆ ಗೊತ್ತಿದೆ ಎಂದು ಅವಳು, ಪದ್ಧತಿಗಳ ಮೇಲೆ ನೋಟ್ಸ್ ಬರೆಸುವವಳು, ಒಂದು ಕ್ಷಣವೂ ಅನುಮಾನಿಸದೆ ನಂಬಿಬಿಟ್ಟಿದ್ದಳು. ಮುಖಕ್ಕೆ ರಕ್ತ ಏರಿತು. ಹೇಳಿಬಿಡಬೇಕು, ಇದು ಏನು ಎಂದು ಕೂಗಿ ಹೇಳಿಬಿಡಬೇಕು ಎಂದು ಬಾಯಿ ತೆರೆದಾಗ ಕೆಂಪವ್ವ ಮುಂದೆ ಬಂದಿದ್ದಳು.

“ನಂದ ತಪ್ಪ ಬಿಡ್ರೆವಾ,” ಎಂದಳು ಮುದುಕಿ, ನಗುತ್ತ, ಸೆರಗು ಸರಿಮಾಡಿಕೊಳ್ಳುತ್ತ. “ಅಕಿ ಹಾಕತೇನಿ ಅಂದ್ಲು, ನಾನ ಗಡಿಬಿಡಿ ಮಾಡಿ ಎತ್ತಿಸ್ಕೊಂಡ ಬಂದ್ನಿ. ವಯಸ್ಸಾತು, ತಲಿ ನಿಂದರಂಗಿಲ್ಲ.”

ಇಷ್ಟು ಸಲೀಸಾದ ಸುಳ್ಳನ್ನು ಅವಳ ಬಾಯಿಂದ ಸುಮನ ಕೇಳಿರಲಿಲ್ಲ.

“ಅಷ್ಟಕ್ಕ ಯಾಕ ಮುಖ ಸಣ್ಣ ಮಾಡ್ತೀರಿ ಅತ್ತಿ?” ನಂದಿನಿ ಆಗಲೇ ಒಲೆಯ ಹತ್ತಿರ ಇದ್ದಳು. “ಎಣ್ಣಿ ಕಾದ ಐತಿ, ಒಲಿ ಹತ್ತಿ ಐತಿ. ಏ ಕಸ್ತೂರಿ, ಆ ಬಳ್ಳೊಳ್ಳಿ ಕೊಡ.” ಮಂಚೂರಿಯ ಬಾಣಲೆಯನ್ನು ಪಕ್ಕಕ್ಕೆ ಸರಿಸಿ, ಚಿಕ್ಕ ಕಬ್ಬಿಣದ ಸೌಟಿಗೆ ಎಣ್ಣೆ ಹೊಯ್ದು, ಬೆಂಕಿಯ ಮೇಲೆ ಹಿಡಿದಳು. ಇನ್ನೊಂದು ಕೈಯಲ್ಲಿ ಬೀರಸಿದ್ದಪ್ಪರಿಗೆ ನೀರಿನ ಬಾಟಲಿ ಕೊಡುವಂತೆ ಗಂಡನಿಗೆ ಸನ್ನೆ ಮಾಡುತ್ತಿದ್ದಳು. ಸಾಸಿವೆ ಹಾಕಿದಳು. ಚಟಪಟ ಸಿಡಿಯಿತು. ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಎರಡು ಒಣಮೆಣಸು. ಸುಮನ ಬೇಡ ಎಂದಳು. ಎಂದಳೆಂದು ಅವಳಿಗೆ ಅನ್ನಿಸಿತು, ದನಿ ಬರಲಿಲ್ಲ. ನಂದಿನಿ ಬಂದು, ಎಡಗೈಯಿಂದ ಯಾರನ್ನೋ ಸರಿಸಿ, ಕಾದ ಸೌಟನ್ನು ಬೇಳೆಯೊಳಗೆ ಅದ್ದಿ ಫಟ್ಟನೆ ಮುಚ್ಚಳ ಮುಚ್ಚಿದಳು. ಒಳಗೆ ಅದು ಛುಂಯ್ ಎಂದು ಉರುಳಾಡಿ ಸುಮ್ಮನಾಯಿತು. ಇಡೀ ಶಾಮಿಯಾನದಲ್ಲಿ ವಾಸನೆ ಎದ್ದಿತು.

ಕೆಂಪವ್ವ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಿದ್ದಳು.

“ನಿನ್ನ ಕೈ ತಣ್ಣಗಿರಲಿ ತಾಯಿ,” ಎಂದಳು.

“ಅಯ್ಯ, ಬರೇ ಒಗ್ಗರಣಿಗೆ ಇಷ್ಟ್ಯಾಕ ಅತ್ತಿ,” ಎಂದು ನಂದಿನಿ ನಕ್ಕಳು. ಅವಳಿಗೆ ಏನೂ ತಿಳಿದಿರಲಿಲ್ಲ. ಮಸಾಲೆ ಹತ್ತಿದ ಬೆರಳನ್ನು ಸೀರೆಗೆ ಒರೆಸಿಕೊಂಡಳು. ಈ ಹೆಂಗಸು, ಈ ಕೆಂಪು ಮಂಚೂರಿಯವಳು, ಮೊಳಕೈ ಹಿಡಿಯುವವಳು, ಬಾಟಲಿಯ ಕಡೆ ನೋಡುತ್ತ, ಸೂರಜನನ್ನು ಕಳಿಸಿಕೊಟ್ಟಿದ್ದಳು. ಜನ ಮತ್ತೆ ಸಾಲು ಹಚ್ಚಿದ್ದರು. “ಈಗ ಆತ ನೋಡ್ರಿ ಬ್ಯಾಳಿ,” ಎಂದಳು ಗೌರವ್ವ, ತಾಟು ಮುಂದೆ ಮಾಡಿ. ಪಾತೇಲಿ ಅರ್ಧಕ್ಕೆ ಇಳಿಯಿತು, ಇನ್ನೂ ಇಳಿಯಿತು. ಕೆಂಪವ್ವ ನೆಲದ ಮೇಲೆ ಕೂತು ಗಬಗಬ ಉಣ್ಣುತ್ತಿದ್ದಳು, ಬೇಳೆ, ಪಲಾವ್, ಮಂಚೂರಿ ಸಹ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳಲು ತುತ್ತು ನಿಲ್ಲಿಸದೆ. ಈ ಹಸಿವನ್ನು ಇಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದಳು ಮುದುಕಿ? ನೋಡಲು ಹೇಸಿಗೆಯಾಯಿತು, ಮತ್ತು ಒಂಟಿಯಾದಂತೆ ಆಯಿತು.

ಯಾರೋ ಅವಳ ಕೈಗೂ ತಾಟು ಕೊಟ್ಟರು. ಒಂದು ತುತ್ತು ತಿಂದು ಇಟ್ಟುಬಿಡುವುದೆಂದು ಬಾಯಿಗೆ ಇಟ್ಟುಕೊಂಡಳು. ಬೆಳ್ಳುಳ್ಳಿ ಸ್ವಲ್ಪ ಕರಕಲಾಗಿತ್ತು, ಉಪ್ಪು ಒಂದು ಗುಲಗಂಜಿ ಹೆಚ್ಚು, ಎಣ್ಣೆಯಲ್ಲಿ ಮಂಚೂರಿಯ ವಾಸನೆ ಉಳಿದಿತ್ತು. ಇದೆಲ್ಲ ಅವಳಿಗೆ ತಿಳಿಯುತ್ತಿತ್ತು. ಇದೆಲ್ಲ ನಾಲಿಗೆಗೆ ತಿಳಿಯುತ್ತಿದೆ ಎಂಬುದು ತಡವಾಗಿ ತಿಳಿಯಿತು. ರುಚಿಯಾಗಿತ್ತು. ಕೆಟ್ಟದಾಗಿ, ಕ್ಷಮಿಸಲಾಗದ ಹಾಗೆ ರುಚಿಯಾಗಿತ್ತು. ಬಾಯಿಯಲ್ಲಿ ನೀರೂರಿತು. ಸೂರಜನನ್ನು ಹಿಡಿದುಕೊಳ್ಳಬೇಕು ಎಂದು ಅವಳು ಅಗಿಯುವುದನ್ನು ನಿಲ್ಲಿಸಿ ನಿಂತಳು. ಹಿಡಿದುಕೊಳ್ಳಲು ಅವನ ಮುಖ ಹುಡುಕಿದಳು. ಅಷ್ಟರಲ್ಲಿ ಗಂಟಲು ನುಂಗಿಬಿಟ್ಟಿತ್ತು.

“ಇನ್ನೊಂದೀಟ ಹಾಕಲೇನ ಸುಮನಾ?” ಸೌಟು ಹಿಡಿದು ನಂದಿನಿ ಎದುರಿಗೆ ನಿಂತಿದ್ದಳು.

ಅವಳ ಹೊಳೆಯುವ, ಏನೂ ಅರಿಯದ ಮುಖವನ್ನು ಸುಮನ ಮನಸಾರೆ ದ್ವೇಷಿಸಿದಳು. ತಾಟು ಮುಂದೆ ಚಾಚಿತು. ಅದನ್ನು ಚಾಚಿದ್ದು ತನ್ನದೇ ಕೈ.